ಕೊಡ ಹೊತ್ತ ಸಿಪಾಯಿಯ ಹೆಸರು

ಡ್ರೈವಿಂಗ್ ಶಾಲೆಯಲ್ಲಿ ಅವಳನ್ನು ಎಲ್ಲರೂ ಬ್ರೇಕ್ ಮೇಡಂ ಎಂದೇ ಕರೆಯುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಡೆಯ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವಳು ಅವಳು. ಬಾಯಿ ಜೋರು. ಎದುರಿಗೆ ಲಾರಿ ಬಂದರೂ ಗಾಬರಿಯಾಗದ ಕಲಿಯುವವರು ಅವಳ ಗದರಿಕೆಗೆ ನಡುಗುತ್ತಿದ್ದರು. ಮನೆಯಲ್ಲಿದ್ದದ್ದು ಅವಳು ಮತ್ತು ಅವಳ ತಂಗಿ, ಇಬ್ಬರೇ. ತಂಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಮೆದು ಮಾತಿನವಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂದರೆ ಯಾರೂ ನಂಬುತ್ತಿರಲಿಲ್ಲ.

ರಕ್ತದೊತ್ತಡ ಸದ್ದಿಲ್ಲದೆ ಒಳಗೊಳಗೇ ಕೆಲಸ ಮಾಡಿ ಎರಡೂ ಕಿಡ್ನಿಗಳನ್ನು ತಿಂದುಹಾಕಿದೆ ಎಂದು ಡಾಕ್ಟರು ಹೇಳಿದ ದಿನದಿಂದ ಬ್ರೇಕ್ ಮೇಡಂ ಮಾತು ನಿಲ್ಲಿಸಿದಳು.

ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಡಯಾಲಿಸಿಸ್. ಆಸ್ಪತ್ರೆಯ ಎರಡನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ಒರಗು ಕುರ್ಚಿಗಳ ಸಾಲು, ಪ್ರತಿ ಕುರ್ಚಿಯ ಪಕ್ಕ ಆಳೆತ್ತರದ ಮೆಷಿನ್ನು. ತೋಳಿಗೆ ಚುಚ್ಚಿದ ಒಂದು ಕೊಳವೆಯಿಂದ ರಕ್ತ ಹೊರಗೆ ಹೋಗುತ್ತದೆ, ತೊಳೆದುಕೊಂಡು ಇನ್ನೊಂದರಿಂದ ವಾಪಸು ಬರುತ್ತದೆ. ಅಷ್ಟು ಹೊತ್ತೂ ಆ ಕೈ ಅಲ್ಲಾಡಿಸುವಂತಿಲ್ಲ. ಊಟದಲ್ಲಿ ಉಪ್ಪಿಲ್ಲ, ನೀರನ್ನು ಔಷಧಿಯ ಹಾಗೆ ಅಳೆದು ಕುಡಿಯಬೇಕು. ತಂಗಿ ಅವಳನ್ನು ಕೂರಿಸಿ, ಕಾಲಿಗೆ ಹೊದಿಕೆ ಹೊದಿಸಿ ಅಂಗಡಿಗೆ ಓಡುತ್ತಿದ್ದಳು. ಇವಳು ಗೋಡೆಯ ಕಡೆ ಮುಖ ತಿರುಗಿಸಿಬಿಡುತ್ತಿದ್ದಳು. ನರ್ಸಮ್ಮ ಏನು ಕೇಳಿದರೂ ಒಂದು "ಹೂಂ", ಇಲ್ಲವೇ ಒಂದು "ಊಹೂಂ".

ಪಕ್ಕದ ಕುರ್ಚಿಯಲ್ಲಿದ್ದವರು ಬೇಕರಿಯವರು. ಅರವತ್ತು ದಾಟಿದ ದುಂಡನೆಯ ಮನುಷ್ಯ. ಬೇಕರಿಯನ್ನು ಮಗಳಿಗೆ ವಹಿಸಿದ್ದರೂ ಬೇಕರಿಯವರು ಎಂಬ ಹೆಸರು ಮಾತ್ರ ಅವರಲ್ಲೇ ಉಳಿದುಕೊಂಡಿತ್ತು. ಅವರು ಒಂದೇ ಕೈಯಲ್ಲಿ ಫೋನು ಹಿಡಿದು ಏನನ್ನೋ ನೋಡುತ್ತ ತಮ್ಮಷ್ಟಕ್ಕೆ ನಗುವುದು, "ಅಯ್ಯಯ್ಯೋ, ಹೋಯ್ತಲ್ಲಪ್ಪ!" ಎನ್ನುವುದು ಬ್ರೇಕ್ ಮೇಡಂಗೆ ಮೈಯೆಲ್ಲ ಉರಿ ತರಿಸುತ್ತಿತ್ತು.

ಒಂದು ಗುರುವಾರ ಆ ಫೋನು ಜಾರಿ ಇವಳ ಹೊದಿಕೆಯ ಮೇಲೆ ಬಿತ್ತು. ಅವರು ಬಗ್ಗುವಂತಿರಲಿಲ್ಲ. ಇವಳು ಎತ್ತಿಕೊಂಡಳು. ಪರದೆಯ ತುಂಬ ಒಂದು ಚಿತ್ರ: ಮಂಜಿನಲ್ಲಿ ಅರ್ಧ ಮುಳುಗಿದ ಕೋಟೆ, ಅದರ ಗೋಡೆ ಹತ್ತುತ್ತಿರುವ ಆನೆಗಾತ್ರದ ಪ್ರಾಣಿಗಳು, ಅವುಗಳ ಬೆನ್ನ ಮೇಲೆ ಈಟಿ ಹಿಡಿದ ಸವಾರರು.

"ಇದೇನ್ರೀ ಇದು, ಹಲ್ಲೀನಾ?" ಎಂದಳು. ಆ ಕೋಣೆಯಲ್ಲಿ ಅವಳು ಆಡಿದ ಮೊದಲ ಪೂರ್ತಿ ವಾಕ್ಯ ಅದು.

ಬೇಕರಿಯವರಿಗೆ ಅವಮಾನವಾದಂತಾಯಿತು. "ಹಲ್ಲಿ ಅಲ್ಲಮ್ಮ, ಉಡ! ವೈರಿ ಸೊಡರಮಲ್ಲನ ಉಡದ ದಂಡು. ಒಂದ್ಸಲ ಗೋಡೆ ಹಿಡಿದ್ರೆ ಬಿಡೋ ಮಾತೇ ಇಲ್ಲ."

"ಕೋಟೆ ಒಳಗಿರೋರು ಏನ್ ಮಾಡ್ತಿದಾರೆ?"

"ರಾಣಿ ಇಂಬಾ ಯೋಚನೆ ಮಾಡ್ತಿದಾಳೆ."

"ಉಡ ಗೋಡೆ ಹತ್ತೋವಾಗ ಯೋಚನೆ ಮಾಡ್ತಾರೇನ್ರೀ?" ಎಂದು ಅವಳು ಹುಬ್ಬು ಗಂಟಿಕ್ಕಿದಳು. "ಮೊದಲಿಂದ ತೋರಿಸಿ."

ಅದು 'ಮಂಜುಗೋಟೆ' ಎಂಬ ವೆಬ್‌ಕಾಮಿಕ್. ಗುರುವಾರಕ್ಕೊಂದು ಕಂತು ಬರುತ್ತಿತ್ತು. ಬರೆದು ಚಿತ್ರಿಸುವವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಕೆಳಗೆ 'ಚಿತ್ರಕಾರ' ಎಂದಷ್ಟೇ ಇರುತ್ತಿತ್ತು. ಚಿತ್ರಕ್ಕಿಂತ ಉದ್ದ ಅದರ ಕೆಳಗಿನ ಓದುಗರ ಜಗಳ. ರಾಣಿ ಹೊರಗೆ ಬಂದು ಕಾದಾಡಬೇಕೇ, ಒಳಗೇ ಕೂರಬೇಕೇ, ಸೇನಾಪತಿ ಕೆಂಜಗ ನಂಬಿಕಸ್ಥನೇ, ಆ ಹೆಸರಿನ ಅರ್ಥವೇನು, ಯಾವುದನ್ನೂ ಅವರು ಬಿಡುತ್ತಿರಲಿಲ್ಲ. ಬೇಕರಿಯವರು ಅಲ್ಲಿ 'ಬಿಸಿಬನ್' ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಬ್ರೇಕ್ ಮೇಡಂ ಒಂದು ವಾರ ಹಳೆಯ ಕಂತುಗಳನ್ನೆಲ್ಲ ಓದಿದಳು. ಮುಂದಿನ ವಾರ ತಡೆಯಲಾರದೆ 'ರಿವರ್ಸ್ ಗೇರ್' ಎಂದು ಹೆಸರಿಟ್ಟುಕೊಂಡು ಅಖಾಡಕ್ಕೆ ಇಳಿದಳು.

"ರಾಣಿಗೆ ಹಿಂದಕ್ಕೆ ಹೋಗೋದು ಗೊತ್ತಿಲ್ಲ. ರಿವರ್ಸ್ ಬಾರದವರಿಗೆ ನಾನು ಲೈಸೆನ್ಸ್ ಕೊಡಿಸಲ್ಲ. ಕೋಟೆ ಬಿಟ್ಟು ಜನರನ್ನ ಕರ್ಕೊಂಡು ಹೊರಡಲಿ." ಇದು ಅವಳ ಮೊದಲ ಟಿಪ್ಪಣಿ.

ಅರ್ಧ ಗಂಟೆಯೊಳಗೆ 'ಕೋಟೆಗೂಬೆ' ಎಂಬ ಹೆಸರಿನವರಿಂದ ಉತ್ತರ ಬಂತು. "ರಾಣಿಯ ಹೆಸರು ನೋಡಿ. ಇಂಬಾ. ಇಂಬು ಎಂದರೆ ಆಸರೆ. ಆಸರೆ ಕೊಡುವವಳು ಕೋಟೆ ಬಿಟ್ಟು ಹೋಗುವಳೇ? ಚಿತ್ರಕಾರರು ಸುಮ್ಮನೆ ಹೆಸರಿಡುವುದಿಲ್ಲ."

ಬ್ರೇಕ್ ಮೇಡಂ ಕಣ್ಣು ಕೆಂಪಾಯಿತು. "ನೋಡ್ರೀ ಬೇಕರಿಯವರೇ, ಗೂಬೆ ಅಂತ ಸರಿಯಾಗೇ ಹೆಸರಿಟ್ಕೊಂಡಿದೆ ಇದು! ಇಂಬು ಅಂದ್ರೆ ಜಾಗ ಅಂತಾನೂ ಅರ್ಥ ಇಲ್ವಾ? ಜಾಗ ಬಿಡೋದು ಅಂದ್ರೇನೇ ಹಿಂದೆ ಸರಿಯೋದು."

"ಬರೀರಿ, ಬರೀರಿ," ಎಂದು ಬೇಕರಿಯವರು ಹುರಿದುಂಬಿಸಿದರು. ಅವರ ವಾದ ಬೇರೆಯೇ ಇತ್ತು. ಉಡ ತಣ್ಣನೆಯ ರಕ್ತದ ಪ್ರಾಣಿ, ನಸುಕಿನ ಚಳಿಗೆ ಅದಕ್ಕೆ ಕೈಕಾಲು ಆಡುವುದಿಲ್ಲ, ಆದ್ದರಿಂದ ಬೆಳಗಾಗುವ ಮೊದಲೇ ಹೊರಬಿದ್ದು ಹೊಡೆಯಬೇಕು. "ಚಳಿಗಾಲದಲ್ಲಿ ನನ್ನ ಹಿಟ್ಟೇ ಮೇಲೇಳಲ್ಲ, ಇನ್ನು ಉಡ ಏಳುತ್ತಾ?" ಎನ್ನುತ್ತಿದ್ದರು.

ಹೆಸರಿನ ಜಗಳಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಒಬ್ಬ ಹೆಸರಿಲ್ಲದವನದು. ಪ್ರತಿ ಕಂತಿನಲ್ಲೂ ಎಲ್ಲೋ ಹಿಂದೆ, ಮೂಲೆಯಲ್ಲಿ, ಹೆಗಲ ಮೇಲೆ ಕೊಡ ಹೊತ್ತ ಒಬ್ಬ ಸಿಪಾಯಿ ನಡೆದುಹೋಗುತ್ತಿದ್ದ. ಒಂದು ಮಾತೂ ಆಡುವುದಿಲ್ಲ. ಬೇಕರಿಯವರು ಅವನನ್ನು ಸುಮ್ಮನಾಥ ಎಂದು ಕರೆದಿದ್ದರು. ಬ್ರೇಕ್ ಮೇಡಂ ಕೊಡದಣ್ಣ ಎಂದಳು. ಕೋಟೆಗೂಬೆಯ ಪ್ರಕಾರ ಅವನು ರಾಣಿಯ ಕಳೆದುಹೋದ ತಮ್ಮ. ರಾಜಮನೆತನದವರ ಹೆಸರುಗಳೆಲ್ಲ 'ಇಂ' ಅಕ್ಷರದಿಂದಲೇ ಶುರುವಾಗುತ್ತವೆ, ಆದ್ದರಿಂದ ಇವನ ಹೆಸರೂ ಇಂಗಡಲನೋ ಇಂಚರನೋ ಇರಲೇಬೇಕು.

"ತಮ್ಮ ಅಂತೆ! ಅವನ ಕೊಡ ನೋಡಿದ್ರೆ ನನಗೆ ಬಾಯಾರುತ್ತೆ ಅಷ್ಟೇ," ಎಂದಳು ಬ್ರೇಕ್ ಮೇಡಂ. ಅಳೆದು ನೀರು ಕುಡಿಯುವ ಆ ಕೋಣೆಯವರೆಲ್ಲ ಗೊಳ್ಳೆಂದು ನಕ್ಕರು. ನರ್ಸಮ್ಮ ಬಂದು, "ಎಲ್ಲರ ಬೀಪೀನೂ ಏರ್ತಿದೆ, ಯಾರ್ರೀ ಅದು ನಗಿಸ್ತಿರೋದು?" ಎಂದು ಗದರಿಸಿ, ಹೋಗುವ ಮುನ್ನ ಮೆಲ್ಲಗೆ, "ನಾನು ಸುಮ್ಮನಾಥನ ಪಕ್ಷ," ಎಂದು ಹೇಳಿಹೋದರು.

ಹೀಗೆ ತಿಂಗಳುಗಳು ಕಳೆದವು. ತಂಗಿ ಸಂಜೆ ಅಂಗಡಿಯಿಂದ ಬಂದಾಗ ಅಕ್ಕ ಅಡುಗೆಮನೆಯಲ್ಲಿ ನಿಂತು ಯಾವುದೋ ಗೂಬೆಯನ್ನು ಬಾಯ್ತುಂಬ ಬೈಯುತ್ತಿರುತ್ತಿದ್ದಳು. ತಂಗಿ ಚೀಲ ಇಳಿಸಿ, "ಯಾರಕ್ಕ ಅದು?" ಎಂದು ಕೇಳಿ, ತಲೆ ತಗ್ಗಿಸಿಕೊಂಡು ಈರುಳ್ಳಿ ಹೆಚ್ಚಲು ಕೂರುತ್ತಿದ್ದಳು.

ಆಮೇಲೆ ಕೈ ಕೆಟ್ಟಿತು. ಡಯಾಲಿಸಿಸ್‌ಗೆಂದು ಅವಳ ತೋಳಿನಲ್ಲಿ ಆಪರೇಷನ್ ಮಾಡಿ ಜೋಡಿಸಿದ್ದ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿ ಅದು ಮುಚ್ಚಿಹೋಯಿತು. ಸದ್ಯಕ್ಕೆ ಕುತ್ತಿಗೆಗೆ ಕೊಳವೆ ಹಾಕಿದರು. ಇನ್ನೊಂದು ತೋಳಿನಲ್ಲಿ ಮತ್ತೆ ಆಪರೇಷನ್ ಆಗಬೇಕು, ಅದು ಹಿಡಿಯುತ್ತದೋ ಇಲ್ಲವೋ ಕಾದು ನೋಡಬೇಕು ಎಂದರು ಡಾಕ್ಟರು. ಕುತ್ತಿಗೆಯ ಕೊಳವೆಯಿಂದಾಗಿ ಅವಳಿಗೆ ಒಂದು ಮಗ್ಗುಲಿಗೆ ಮಲಗಲೂ ಆಗುತ್ತಿರಲಿಲ್ಲ. ಮನೆಗೆ ಬಂದವಳೇ ತಂಗಿಗೆ ಹೇಳಿದಳು:

"ಸಾಕು ಕಣೇ. ಇನ್ನು ನಾನು ಹೋಗಲ್ಲ."

"ಎಲ್ಲಿಗೆ?"

"ಎಲ್ಲಿಗೂ."

ತಂಗಿಗೆ ಅರ್ಥವಾಯಿತು. ಅಳಲಿಲ್ಲ. ಅಕ್ಕನ ಜೊತೆ ವಾದ ಮಾಡಿ ಗೆದ್ದ ದಾಖಲೆ ಅವಳಿಗೆ ಹುಟ್ಟಿದಾಗಿನಿಂದ ಇರಲಿಲ್ಲ. ಮಂಗಳವಾರ ಬೆಳಿಗ್ಗೆ ಆಟೋ ಕರೆಸಿದಳು, ಬ್ರೇಕ್ ಮೇಡಂ ಎದ್ದೇಳಲಿಲ್ಲ. ಆಟೋ ಹಾರ್ನ್ ಹೊಡೆದೂ ಹೊಡೆದೂ ವಾಪಸು ಹೋಯಿತು. ನರ್ಸಮ್ಮ ಎರಡು ಸಲ ಫೋನು ಮಾಡಿದರು. ಇವಳು ಎತ್ತಲಿಲ್ಲ. ಬುಧವಾರದ ಹೊತ್ತಿಗೆ ಕಾಲು ಊದಿಕೊಂಡಿತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ಅಂಗಡಿಗೆ ರಜೆ ಹಾಕಿದ್ದ ತಂಗಿ ಅಕ್ಕನ ಕಾಲಡಿಗೆ ಇನ್ನೊಂದು ದಿಂಬು ಇಟ್ಟು, ಪಕ್ಕದ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಅಭ್ಯಾಸಬಲದಿಂದ ಬ್ರೇಕ್ ಮೇಡಂ ಫೋನು ತೆರೆದಳು. ಹಳೆಯ ಕಂತಿನ ಕೆಳಗೆ ಬಿಸಿಬನ್ ಹೊಸದಾಗಿ ಬರೆದಿದ್ದರು:

"ಎಲ್ಲರ ಗಮನಕ್ಕೆ. ರಿವರ್ಸ್ ಗೇರ್ ಮೇಡಂ ನಿನ್ನೆ ಹಾಜರಾಗಿಲ್ಲ. ಸೋಲು ಒಪ್ಪಿಕೊಂಡರೆಂದು ತಿಳಿಯಬೇಕು. ಹಿಂದೆ ಸರಿಯುವುದು ಹೇಡಿಗಳ ಯುದ್ಧವೆಂದು ಇಂದಿಗೆ ತೀರ್ಮಾನವಾಯಿತು. ರಾಣಿ ಇಂಬಾ ಉತ್ತರದ ಬಾಗಿಲು ತೆಗೆದು ನೇರ ನುಗ್ಗಲಿ."

ಕೆಳಗೆ ಇಪ್ಪತ್ತು ಮೂವತ್ತು ಜನ ಜೈ ಎಂದಿದ್ದರು.  ಅವಳು ಉಸಿರು ಸಾಲದೆ ನಿಲ್ಲಿಸಿ ನಿಲ್ಲಿಸಿ ಟೈಪ್ ಮಾಡಿದಳು:

"ಹಿಂದೆ ಸರಿಯೋದು ಅಂದ್ರೆ ಓಡಿಹೋಗೋದಲ್ಲ. ನಿಲ್ಲೋಕೆ ಇನ್ನೊಂದು ಜಾಗ ಹುಡುಕೋದು. ಇಷ್ಟೂ ಗೊತ್ತಿಲ್ವಾ ನಿಮಗೆ?"

ಬೇಕರಿಯವರಿಂದ ಉತ್ತರ ಬರಲಿಲ್ಲ. ಬಂದದ್ದು ಕೋಟೆಗೂಬೆಯಿಂದ, ಒಂದೇ ಸಾಲು:

"ಹಾಗಿದ್ದರೆ ಈಗ ನೀವು ಮಾಡುತ್ತಿರುವುದು ಯಾವುದು?"

ಗೂಬೆ ವಾದದ ಬಗ್ಗೆ ಕೇಳುತ್ತಿದೆ, ತನ್ನ ಬಗ್ಗೆ ಅದಕ್ಕೇನು ಗೊತ್ತು ಎಂದು ಅವಳು ತನಗೇ ಹೇಳಿಕೊಂಡಳು. ಫೋನನ್ನು ಮಗುಚಿಟ್ಟಳು. ಕಿಟಕಿಯಾಚೆ ಯಾರದೋ ಬಟ್ಟೆ ಒಣಗುತ್ತಿತ್ತು, ಕೆಳಗಿನ ಮನೆಯ ಕುಕ್ಕರ್ ಕೂಗಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಫೋನು ತಿರುಗಿಸಿ ಆ ಸಾಲು ಓದಿದಳು. ಉತ್ತರ ಬರೆಯಲು ಹೋದಳು, ಅಳಿಸಿದಳು. ಬೇರೆ ತರಹ ಬರೆದಳು, ಅದನ್ನೂ ಅಳಿಸಿದಳು. 

ಸಂಜೆ ತಂಗಿ ಗಂಜಿ ತಂದಾಗ ಬ್ರೇಕ್ ಮೇಡಂ ಗೋಡೆ ನೋಡುತ್ತಲೇ ಹೇಳಿದಳು: "ನಾಳೆ ಆಟೋಗೆ ಹೇಳು."

ತಂಗಿ ಗಂಜಿಯ ತಟ್ಟೆ ಕೆಳಗಿಟ್ಟಳು. "ಹೇಳ್ತೀನಿ," ಎಂದಳು.

ಗುರುವಾರ ನರ್ಸಮ್ಮ ಅವಳನ್ನು ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡರು. ತೂಕ ನೋಡಿ, ಎದೆ ಪರೀಕ್ಷೆ ಮಾಡಿಸಿ, ಮೆಷಿನ್ನಿಗೆ ಹಾಕುವವರೆಗೂ ಬೈದರು. ಬೈಯುತ್ತಲೇ ಅವಳ ಕುತ್ತಿಗೆಯ ಕೊಳವೆಯ ಸುತ್ತ ಎಷ್ಟು ಹಗುರವಾಗಿ ಹತ್ತಿ ಒತ್ತಿದರೆಂದರೆ ಅವಳಿಗೆ ನೋವೇ ತಿಳಿಯಲಿಲ್ಲ. ತಂಗಿ ಆ ದಿನ ಅಂಗಡಿಗೆ ಹೋಗಲಿಲ್ಲ. ಚೀಲ ತಬ್ಬಿಕೊಂಡು ಕುರ್ಚಿಯ ಪಕ್ಕದಲ್ಲೇ ನಿಂತಿದ್ದಳು.

ಉಸಿರು ಹದಕ್ಕೆ ಬಂದದ್ದೇ ತಡ, ಬ್ರೇಕ್ ಮೇಡಂ ಪಕ್ಕಕ್ಕೆ ತಿರುಗಿದಳು. "ಏನ್ರೀ ಬೇಕರಿಯವರೇ, ಹೇಡಿ ಅಂದ್ರಿ ನನ್ನ?"

"ಅಂದೆ," ಎಂದರು ಬೇಕರಿಯವರು. ಅವರ ಕಣ್ಣು ತೇವವಾಗಿತ್ತು, ಆದರೂ ಗತ್ತು ಬಿಡಲಿಲ್ಲ. "ಉತ್ತರದ ಬಾಗಿಲು ಇರುವಾಗ ಓಡೋದ್ಯಾಕೆ? ತೆಗೀಬೇಕು, ನುಗ್ಗಬೇಕು."

ಬ್ರೇಕ್ ಮೇಡಂ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಂದು ದನಿ ಬಂತು: "ಉತ್ತರದ ಬಾಗಿಲು ಮೂರನೇ ಕಂತಲ್ಲೇ ಕುಸಿದು ಬಿತ್ತಲ್ಲ ಸಾರ್! ಎಲ್ಲಿಂದ ತೆಗೀತಾಳೆ?"

ಅಕ್ಕ ಕಷ್ಟಪಟ್ಟು ಕತ್ತು ಹೊರಳಿಸಿ ತಂಗಿಯನ್ನು ನೋಡಿದಳು. ತಂಗಿ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ನೀನು ಓದ್ತೀಯಾ?"

ತಂಗಿ ಚೀಲದ ಹಿಡಿಕೆ ಸರಿಮಾಡಿಕೊಂಡಳು.

"ಏಯ್, ಕೇಳ್ತಿರೋದು ನಿನ್ನನ್ನೇ."

"ಗೂಬೆ ನಾನೇ ಅಕ್ಕ," ಎಂದಳು ತಂಗಿ, ನೆಲ ನೋಡುತ್ತ.

ಬೇಕರಿಯವರು "ಆಂ?" ಎಂದರು. ಹಿಂದಿನ ಕುರ್ಚಿಯಲ್ಲಿ ಮಲಗಿದ್ದವರೊಬ್ಬರು ಎದ್ದು ಕೂತರು.

ತಂಗಿ ಗಡಿಬಿಡಿಯಿಂದ ಹೇಳಿದಳು. ಆರಂಭದಲ್ಲಿ ಅಕ್ಕನ ಮುಖದಲ್ಲಿ ಮೊದಲ ಸಲ ನಗು ಕಂಡಾಗ ಅದು ಯಾವುದರಿಂದ ಎಂದು ನರ್ಸಮ್ಮನನ್ನು ಕೇಳಿದ್ದಳಂತೆ. ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ತಾನೂ ಓದತೊಡಗಿದಳಂತೆ. ಅಕ್ಕನ ಮೊದಲ ಟಿಪ್ಪಣಿಗೆ ಯಾರೂ ಉತ್ತರ ಕೊಡದಿದ್ದರೆ ಅವಳು ಬೇಜಾರಾಗಿ ಬಿಟ್ಟುಬಿಡುತ್ತಾಳೆಂದು ತಾನೇ ಉತ್ತರ ಬರೆದಳಂತೆ.

"ಅಂದ್ರೆ ಇಷ್ಟು ದಿನ ನನ್ನ ಸಮಾಧಾನಕ್ಕೆ ಆಟ ಕಟ್ಟಿದ್ಯಾ?" ಬ್ರೇಕ್ ಮೇಡಂ ದನಿ ಸಣ್ಣದಾಯಿತು.

"ಮೊದಲನೇ ಸಲ ಮಾತ್ರ ನಿನಗೋಸ್ಕರ," ಎಂದಳು ತಂಗಿ. "ಆಮೇಲಿಂದ ಸಿಟ್ಟು ಬಂದು. ನೀನು ಇಂಬಾ ಹೆಸರಿಗೆ ಏನೇನೋ ಅರ್ಥ ಹೇಳ್ತೀಯಲ್ಲ, ನನಗೆ ತಡ್ಕೊಳ್ಳೋಕೇ ಆಗಲ್ಲ. ಮನೇಲಿ ನಿನ್ನೆದುರು ಬಾಯಿ ತೆಗೆಯೋಕೆ ಎಲ್ಲಿ ಬಿಡ್ತೀಯಾ? ಅಲ್ಲಿ ಮಾತ್ರ ನಿನಗೆ ಎದುರು ಮಾತಾಡೋಕೆ ಆಗ್ತಿತ್ತು."

 ಬ್ರೇಕ್ ಮೇಡಂ ನಗತೊಡಗಿದಳು. ಕೊಳವೆ ಅಲುಗಾಡಬಾರದೆಂದು ಕುತ್ತಿಗೆ ಬಿಗಿಹಿಡಿದು ನಕ್ಕಳು, ನಗುತ್ತಲೇ ಕಣ್ಣೀರು ಇಳಿಯಿತು. ತಂಗಿಯ ಕೈ ಹಿಡಿದೆಳೆದು ತನ್ನ ಕುರ್ಚಿಯ ತೋಳಿನ ಮೇಲೆ ಕೂರಿಸಿಕೊಂಡಳು. "ನಿನ್ನೆ ಕೇಳಿದ್ಯಲ್ಲ, ಯಾವುದು ಅಂತ. ಉತ್ತರ ಗೊತ್ತಾಗಲಿಲ್ಲ ಕಣೇ. ಅದಕ್ಕೇ ಬಂದೆ," ಎಂದಳು.

ಎರಡನೇ ತೋಳಿನ ಆಪರೇಷನ್ ಹಿಡಿಯಿತು. ಕುತ್ತಿಗೆಯ ಕೊಳವೆ ತೆಗೆದ ದಿನ ಬೇಕರಿಯವರ ಮಗಳು ಉಪ್ಪು ಹಾಕದೆ ಮಾಡಿದ ಬ್ರೆಡ್ಡನ್ನು ಇಡೀ ಕೋಣೆಗೆ ಹಂಚಿದಳು. ರುಚಿಯೇನೂ ಇರಲಿಲ್ಲ, ಬಿಸಿಯಾಗಿತ್ತು, ಎಲ್ಲರೂ ಹೊಗಳಿಕೊಂಡು ತಿಂದರು. ಅಂಗಡಿಯವರನ್ನು ಕೇಳಿಕೊಂಡು ತಂಗಿ ಗುರುವಾರಗಳಂದು ಮಧ್ಯಾಹ್ನದ ಮೇಲೆ ಕೆಲಸಕ್ಕೆ ಹೋಗತೊಡಗಿದಳು. ಕೆಟ್ಟುಹೋಗಿದ್ದ ಒಂದು ಸ್ಟೂಲನ್ನು ನರ್ಸಮ್ಮ ಎಲ್ಲಿಂದಲೋ ಹುಡುಕಿ, ಕಾಲು ಸರಿಮಾಡಿಸಿ, ಎರಡು ಕುರ್ಚಿಗಳ ನಡುವೆ ಹಾಕಿಸಿದರು. ಜಗಳ ಈಗ ಎದುರೆದುರೇ ನಡೆಯುತ್ತಿತ್ತು. ತಂಗಿಯ ದನಿ ಇಷ್ಟು ದೊಡ್ಡದೆಂದು ಅಕ್ಕನಿಗೆ ಈಗಲೇ ಗೊತ್ತಾದದ್ದು.

ಮಂಜುಗೋಟೆಯ ಯುದ್ಧ ಮುಗಿಯುವ ಕಂತು ಬಂದಾಗ ಮೂವರೂ ಒಂದೇ ಫೋನಿನ ಮೇಲೆ ತಲೆ ಬಗ್ಗಿಸಿದರು. ರಾಣಿ ಇಂಬಾ ಮಂಜಿನ ಮರೆಯಲ್ಲಿ ಜನರನ್ನೆಲ್ಲ ಕರೆದುಕೊಂಡು ಕೋಟೆ ಬಿಟ್ಟಳು. "ನೋಡಿದ್ರಾ!" ಎಂದು ಬ್ರೇಕ್ ಮೇಡಂ ಕುಣಿಯುವುದೊಂದು ಬಾಕಿ. ಆದರೆ ಮುಂದಿನ ಚಿತ್ರಗಳನ್ನು ಮೂವರೂ ಎರಡೆರಡು ಸಲ ನೋಡಿದರು. ಸೊಡರಮಲ್ಲ ತನ್ನ ಉಡಗಳೊಂದಿಗೆ ಕೋಟೆಯೊಳಗೆ ಬಂದು ಬಾವಿಗೆ ಇಣುಕಿದ. ಬಾವಿ ಒಣಗಿತ್ತು. ಎಷ್ಟೋ ಕಾಲದಿಂದ ಒಣಗಿತ್ತು. ಇಡೀ ಕೋಟೆಗೆ ಹೊರಗಿನ ತೊರೆಯಿಂದ ನೀರು ಬರುತ್ತಿತ್ತು, ಆ ಒಬ್ಬ ಸಿಪಾಯಿಯ ಕೊಡದಲ್ಲಿ. ಈಗ ತೊರೆಯ ದಡದಲ್ಲಿ ರಾಣಿಯ ಸೈನ್ಯ ನಿಂತಿತ್ತು.

"ಅಯ್ಯೋ ನಮ್ಮ ಬುದ್ಧಿಗಿಷ್ಟು!" ಎಂದು ಬೇಕರಿಯವರು ಹಣೆ ಚಚ್ಚಿಕೊಂಡರು. "ಕೊಡ ನೋಡ್ಕೊಂಡೇ ಕೂತಿದ್ವಿ. ನೀರು ಎಲ್ಲಿಂದ ತರ್ತಾನೆ ಅಂತ ಒಬ್ರೂ ಕೇಳಲಿಲ್ಲ!"

ಕೊನೆಯಲ್ಲಿ ರಾಣಿ ಸಿಪಾಯಿಯನ್ನು ಅವನ ಹೆಸರು ಕೇಳಿದಳು. ಅವನು ಮೊದಲ ಬಾರಿಗೆ ಬಾಯಿ ತೆರೆದ. "ಇಂಬ, ತಾಯಿ. ನೀವು ಹುಟ್ಟಿದ ವರ್ಷ ಹುಟ್ಟಿದ ಮಕ್ಕಳಿಗೆಲ್ಲ ನಮ್ಮ ಕೇರಿಯಲ್ಲಿ ಅದೇ ಹೆಸರಿಟ್ಟರು."

ತಂಗಿ ಸ್ಟೂಲಿನಿಂದ ಎದ್ದೇಬಿಟ್ಟಳು. "'ಇಂ' ಅಂತ ನಾನು ಹೇಳಿರಲಿಲ್ವಾ?"

"ತಮ್ಮ ಅಂತ ಹೇಳಿದ್ದೆ!"

"ಅಕ್ಷರ ಸರಿಯಾಯ್ತೋ ಇಲ್ವೋ?"

"ಸುಮ್ಮನಾಥ ಅಂದಿದ್ರೆ ಇನ್ನೂ ಚೆನ್ನಾಗಿರ್ತಿತ್ತು," ಎಂದು ನರ್ಸಮ್ಮ ಯಾರದೋ ಬೀಪಿ ನೋಡುತ್ತಲೇ ತೀರ್ಪು ಕೊಟ್ಟರು.

ಆ ದಿನ ರಿವರ್ಸ್ ಗೇರ್ ಹೆಸರಿನಲ್ಲಿ ಒಂದು ಟಿಪ್ಪಣಿ ಹೋಯಿತು. ಬ್ರೇಕ್ ಮೇಡಂ ಅದನ್ನು ತುಂಬ ಹೊತ್ತು ಯೋಚಿಸಿ ಬರೆದಳು: "ಚಿತ್ರಕಾರರೇ, ನೀವು ಯಾರೋ ಗೊತ್ತಿಲ್ಲ. ನಾವು ವಾರಕ್ಕೆ ಮೂರು ದಿನ ಎದ್ದುಹೋಗಲಾಗದ ಕುರ್ಚಿಗಳಲ್ಲಿ ಕೂರುವವರು. ನಿಮ್ಮ ಕೋಟೆ ನಮಗೆ ಜಗಳವಾಡೋಕೆ ಜಾಗ ಕೊಟ್ಟಿತು. ಒಬ್ಬರನ್ನೊಬ್ಬರು ಗುರುತು ಹಿಡಿದದ್ದೂ ಅಲ್ಲೇ. ನಿಮಗೆ ಒಳ್ಳೆಯದಾಗಲಿ. ಉಡಗಳ ಬಾಲ ಸ್ವಲ್ಪ ಗಿಡ್ಡವಾಯಿತು, ಮುಂದಿನ ಭಾಗದಲ್ಲಿ ಸರಿಮಾಡಿ."

ಎರಡನೇ ಭಾಗ ಬರಲು ಒಂದು ವರ್ಷವಾದರೂ ಬೇಕೆಂದು ಚಿತ್ರಕಾರ ಉತ್ತರ ಬರೆದಿದ್ದರು. ಬಾಲದ ಬಗ್ಗೆ ಕ್ಷಮೆಯನ್ನೂ ಕೇಳಿದ್ದರು.

"ಒಂದು ವರ್ಷ!" ಎಂದರು ಬೇಕರಿಯವರು.

"ಆಗಲಿ ಬಿಡ್ರೀ," ಎಂದಳು ಬ್ರೇಕ್ ಮೇಡಂ. "ಕಾಯೋಣ."

ಅಂದು ಅವಳಿಗೆ ಮೈ ಹಗುರವಾಗಿತ್ತು. ಆಟೋ ಬೇಡ, ಬಸ್ಸಿನಲ್ಲೇ ಹೋಗೋಣ ಎಂದಳು. ಮಧ್ಯಾಹ್ನದ ಬಸ್ಸು ಖಾಲಿಯಿತ್ತು. ಅಕ್ಕತಂಗಿ ಕಿಟಕಿ ಪಕ್ಕ ಕೂತರು. ಡ್ರೈವರು ತಿರುವಿನಲ್ಲಿ ಗೇರು ಬದಲಿಸಿದ ರೀತಿಗೆ ಬ್ರೇಕ್ ಮೇಡಂ ಲೊಚಗುಟ್ಟಿದಳು. ಆಮೇಲೆ, ಹೊರಗೆ ನೋಡುತ್ತಲೇ, "ನಿನಗೆ ಹೇಗೆ ಹೇಳಬೇಕೋ ಗೊತ್ತಾಗಲ್ಲ. ನೀನಿದ್ದದ್ದಕ್ಕೆ ನಾನಿದೀನಿ," ಎಂದಳು.

ತಂಗಿಗೆ ಇಂಥ ಮಾತು ಅಕ್ಕನ ಬಾಯಿಂದ ಕೇಳಿ ಅಭ್ಯಾಸವಿರಲಿಲ್ಲ. ಸೆರಗಿನ ತುದಿಯಿಂದ ಕನ್ನಡಕ ಒರೆಸಿಕೊಂಡಳು. ಹಾಕಿಕೊಂಡಳು, ಮತ್ತೆ ತೆಗೆದು ಒರೆಸಿದಳು.

"ಅದಿರಲಿ," ಎಂದಳು ಕೊನೆಗೆ. "ಕೆಂಜಗ ಆ ಕಡೆಯವರ ಜೊತೆ ಸೇರ್ಕೊಂಡಿದಾನೆ ಅಂತ ನನಗೆ ಅನುಮಾನ."

"ಕೆಂಜಗನಾ? ತಲೆ ಕೆಟ್ಟಿದ್ಯಾ ನಿನಗೆ? ಅವನ ಹೆಸರಲ್ಲೇ..."

ಬಸ್ಸು ಅವರ ಸ್ಟಾಪಿನಲ್ಲಿ ನಿಂತು, ಯಾರೂ ಇಳಿಯದ್ದನ್ನು ನೋಡಿ, ಮುಂದಕ್ಕೆ ಹೊರಟಿತು.